ರಾಮನಗುಳಿಯ ಮನೆ, ಹಾಟ್ ಯಾಯ್‌ನ ಸೊಸೆ, ನಡುವೆ ಒಂದು ಸೀಲು

ಅಂಕೋಲದಿಂದ ಯಲ್ಲಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ರಾಮನಗುಳಿ ಸಿಗುತ್ತದೆ. ಹಗಲೂ ರಾತ್ರಿ ಲಾರಿ ಓಡಾಡುವ ದಾರಿ. ಮೊದಲು ಇದನ್ನು 63 ಎನ್ನುತ್ತಿದ್ದರು, ಈಗ ರಾಷ್ಟ್ರೀಯ ಹೆದ್ದಾರಿ 52. ಮಂಗಳೂರು ಕಡೆಯಿಂದ ವ್ಯಾಪಾರಕ್ಕೆಂದು ಬಂದು ಇಲ್ಲೇ ನೆಲೆ ನಿಂತ ಒಂದು ಬ್ಯಾರಿ ಮನೆಯ ಒಳಕೋಣೆಯಲ್ಲಿ ಕಳೆದ ವಾರ ಎರಡು ಕ್ಯಾಲೆಂಡರ್ ಪಕ್ಕಪಕ್ಕ ನೇತಾಡುವುದನ್ನು ನೋಡಿದೆ. ಒಂದು ನಮ್ಮ ಜಮಾಅತಿನದ್ದು, ನಮಾಝಿನ ಸಮಯ ಇರುವಂಥದ್ದು. ಇನ್ನೊಂದರಲ್ಲಿ ಮಸೀದಿಯ ಚಿತ್ರ ಉಂಟು, ಅಕ್ಷರ ಮಾತ್ರ ಓದಲಾಗುವುದಿಲ್ಲ. ವರ್ಷದ ಜಾಗದಲ್ಲಿ 2568.

"ಅದು ಥಾಯ್ಲೆಂಡಿನದ್ದು ಮೋನೆ" ಎಂದರು ಮನೆಯ ಉಮ್ಮ. "ಸೊಸೆ ತಂದು ಹಾಕಿದ್ದು. ಅಲ್ಲಿ ನಮಗಿಂತ 543 ವರ್ಷ ಮುಂದೆಯಂತೆ."

ಬುದ್ಧ ಶಕೆ. ತಮಾಷೆಯಾಗಿ ಕಂಡರೂ ಆ 543 ಈ ಮನೆಗೆ ಮೂರು ತಿಂಗಳ ಓಡಾಟ ಕೊಟ್ಟಿದೆ. ಮಗನ ಮದುವೆಯ ದಾಖಲೆಯನ್ನು ಇಂಗ್ಲಿಷಿಗೆ ಅನುವಾದ ಮಾಡಿದವರು ಇಸವಿಯನ್ನು 2562 ಎಂದೇ ಇಟ್ಟುಬಿಟ್ಟಿದ್ದರು. ಅಂದರೆ 2019. ಇಲ್ಲಿನ ಕೌಂಟರಿನಲ್ಲಿ ಕುಳಿತವರಿಗೆ ಅದು ಹೇಗೆ ಗೊತ್ತಾಗಬೇಕು? ಇನ್ನೂ ಹುಟ್ಟದ ಕಾಲದಲ್ಲಿ ಮದುವೆಯಾದ ಗಂಡ ಹೆಂಡತಿ! ಕಾಗದ ವಾಪಸ್ ಬಂತು. ಎರಡೂ ಇಸವಿ ಬರೆಸಿ ಮತ್ತೆ ಮಾಡಿಸಬೇಕಾಯಿತು.

ಹೆಸರು ಬರೆಯಬಾರದು ಎಂಬ ಷರತ್ತಿನ ಮೇಲೆ ಈ ಮನೆಯವರು ತಮ್ಮ ಕಡತವನ್ನೇ ನನ್ನ ಮುಂದೆ ಬಿಚ್ಚಿಟ್ಟರು. ನಮ್ಮ ಪುಟದಲ್ಲಿ ಗಲ್ಫಿನ ವೀಸಾ, ಇಖಾಮ, ಕಫೀಲ್ ಎಂದು ಎಷ್ಟೋ ಸಲ ಬರೆದಿದ್ದೇವೆ. ಆದರೆ ಗಲ್ಫಿನಲ್ಲಿ ಕೆಲಸ ಬಿಟ್ಟು ಬಂದ ಹುಡುಗರು ಈಗ ಮಲೇಷ್ಯಾ, ಥಾಯ್ಲೆಂಡ್ ಎಂದು ಪೂರ್ವಕ್ಕೆ ಮುಖ ಮಾಡುತ್ತಿದ್ದಾರೆ. ಕೆಲವರು ಅಲ್ಲೇ ಮದುವೆಯೂ ಆಗುತ್ತಾರೆ. ಅಲ್ಲಿನ ಕಾನೂನು ಗಲ್ಫಿನ ಹಾಗಿಲ್ಲ. ಗಲ್ಫಿನ ಲೆಕ್ಕದಲ್ಲೇ ಯೋಚಿಸಿದ್ದೇ ಈ ಮನೆಯ ಮಗನಿಗೆ ದುಬಾರಿಯಾಯಿತು.

ಅವರು ಮೊದಲು ದಮ್ಮಾಮಿನಲ್ಲಿದ್ದವರು. 2017ರ ಜುಲೈಯಲ್ಲಿ ಸೌದಿ ಸರಕಾರ ಅವಲಂಬಿತರ ಶುಲ್ಕ ತಂದಿತಲ್ಲ, ತಲೆಗೆ ತಿಂಗಳಿಗೆ 100 ರಿಯಾಲ್, ವರ್ಷ ವರ್ಷ 100 ಏರಿ 2020ಕ್ಕೆ 400, ಆಗ ಸಂಸಾರ ಇದ್ದವರೆಲ್ಲ ಊರಿಗೆ ಕಳಿಸಿದರು, ಅಂಗಡಿಗಳು ಖಾಲಿಯಾದವು. ಇವರಿಗೆ ಸಂಸಾರ ಇರಲಿಲ್ಲ, ಆದರೂ ಕೆಲಸ ಹೋಯಿತು. ಅಡುಗೆ ಗೊತ್ತಿತ್ತು. ಪರಿಚಯದವರ ಮೂಲಕ ದಕ್ಷಿಣ ಥಾಯ್ಲೆಂಡಿನ ಹಾಟ್ ಯಾಯ್ ಪಟ್ಟಣದ ಒಂದು ಭಾರತೀಯ ಹೋಟೆಲಿಗೆ ಹೋದರು. ಸೋಂಗ್‌ಖ್ಲಾ ಪ್ರಾಂತ್ಯದ ದೊಡ್ಡ ಊರು ಅದು, ಮಲೇಷ್ಯಾದ ಗಡಿ ಹತ್ತಿರ. ಅಲ್ಲಿ ಬಾಂಗು ಕೇಳುತ್ತದೆ, ಹಲಾಲ್ ಊಟಕ್ಕೆ ಹುಡುಕಬೇಕಿಲ್ಲ. ದಕ್ಷಿಣ ಥಾಯ್ಲೆಂಡಿನ ಮಲಯ ಮುಸ್ಲಿಮರು ಹೆಚ್ಚಿನವರು ನಮ್ಮ ಹಾಗೆ ಶಾಫಿಈ ಮದ್‌ಹಬಿನವರು. ಹುಡುಗಿಯ ಮನೆಯವರು ಒಪ್ಪಿದರು, ವಲಿ ಇದ್ದರು, ಸಾಕ್ಷಿಗಳಿದ್ದರು, ನಿಖಾಹ್ ಆಯಿತು. ಇಲ್ಲಿ ಉಪ್ಪ, ಉಮ್ಮ ವಿಡಿಯೊದಲ್ಲಿ ನೋಡಿ ದುಆ ಮಾಡಿದರು.

ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡಿದ್ದರು.

ನಿಖಾಹ್ ಆದರೆ ದೀನಿನ ಪ್ರಕಾರ ಮದುವೆ. ಥಾಯ್ ಸರಕಾರಕ್ಕೆ ಮದುವೆ ಎಂದರೆ ಅಂಫೋ ಎಂದು ಕರೆಯುವ ಜಿಲ್ಲಾ ಕಚೇರಿಯ ರಿಜಿಸ್ಟರಿನಲ್ಲಿ ಬರೆದದ್ದು ಮಾತ್ರ. ಪಟ್ಟಾನಿ, ಯಾಲಾ, ನಾರಾಥಿವಾಟ್, ಸತುನ್ ಎಂಬ ನಾಲ್ಕು ಪ್ರಾಂತ್ಯಗಳಲ್ಲಿ ಮುಸ್ಲಿಮರ ಕುಟುಂಬ ಮತ್ತು ವಾರಸು ವಿಷಯಕ್ಕೆ ಇಸ್ಲಾಮೀ ಕಾನೂನು ಅನ್ವಯಿಸುವ ಕಾಯ್ದೆ 1946ರಿಂದಲೂ ಇದೆ. ಸೋಂಗ್‌ಖ್ಲಾ ಆ ನಾಲ್ಕರಲ್ಲಿ ಇಲ್ಲ. ವೀಸಾ ಕೊಡುವ ವಲಸೆ ಪೊಲೀಸರು ಕೇಳುವುದು ಅಂಫೋ ಕೊಟ್ಟ ವಿವಾಹ ಪತ್ರವನ್ನೇ. ಅದನ್ನು ಪಡೆಯಲು ವರ ಭಾರತೀಯನಾದರೆ, ಈತ ಮದುವೆಯಾಗಲು ಸ್ವತಂತ್ರ ಎಂಬ ಪತ್ರ ಬ್ಯಾಂಕಾಕಿನ ಭಾರತೀಯ ರಾಯಭಾರ ಕಚೇರಿಯಿಂದ ಬೇಕು. ಅದನ್ನು ಥಾಯ್ ಭಾಷೆಗೆ ಅನುವಾದಿಸಿ ಅಲ್ಲಿನ ವಿದೇಶಾಂಗ ಸಚಿವಾಲಯದಿಂದ ದೃಢೀಕರಿಸಬೇಕು. ಹಾಟ್ ಯಾಯ್‌ನಿಂದ ಬ್ಯಾಂಕಾಕಿಗೆ ರೈಲಿನಲ್ಲಿ ಇಡೀ ರಾತ್ರಿಯ ದಾರಿ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ, ಯಾರಿಗಾದರೂ ಕಹಿಯಾದರೂ ಸರಿ. ಊರಿನಲ್ಲಿ ಹೆಂಡತಿ ಮಕ್ಕಳಿದ್ದು, ನಮ್ಮಲ್ಲಿ ಎರಡನೆಯದಕ್ಕೆ ಅವಕಾಶ ಉಂಟಲ್ಲ ಎಂದು ಅಲ್ಲಿ ಸಹಿ ಹಾಕುವವರು ತಿಳಿದುಕೊಳ್ಳಬೇಕು. ಥಾಯ್ ಸಿವಿಲ್ ಕಾನೂನಿನಲ್ಲಿ ಒಂದು ಮದುವೆ ಇರುವಾಗ ಇನ್ನೊಂದು ನೋಂದಣಿ ಆಗುವಂತಿಲ್ಲ. ಸುಳ್ಳು ಹೇಳಿಕೆ ಕೊಟ್ಟು ಮಾಡಿಸಿದರೆ ಆ ಕಾಗದದ ಮೇಲೆ ನಿಂತ ವೀಸಾವೂ ಒಂದು ದಿನ ಬೀಳುತ್ತದೆ. ಎರಡು ಮನೆಯ ಮಕ್ಕಳೂ ಅತಂತ್ರರಾಗುತ್ತಾರೆ.

ಕಡತದ ದಪ್ಪ ಭಾಗ ಮದುವೆಯದಲ್ಲ, ಕೆಲಸದ್ದು. ಗಲ್ಫಿನಲ್ಲಿ ಇಖಾಮ ಕೈಗೆ ಬಂದರೆ ವಾಸವೂ ಕೆಲಸವೂ ಒಂದೇ ಕಫೀಲ್ ಕೆಳಗೆ. ಥಾಯ್ಲೆಂಡಿನಲ್ಲಿ ಅವೆರಡು ಬೇರೆ ಬೇರೆ. ದೇಶದಲ್ಲಿ ಇರಲು ಅನುಮತಿ ಕೊಡುವುದು ವಲಸೆ ಪೊಲೀಸರು. ಕೆಲಸ ಮಾಡಲು ಪರವಾನಗಿ ಕೊಡುವುದು ಕಾರ್ಮಿಕ ಸಚಿವಾಲಯದ ಉದ್ಯೋಗ ಇಲಾಖೆ. ಥಾಯ್ ಹೆಂಡತಿ ಇದ್ದಾಳೆಂದು ಸಿಗುವ ನಾನ್ ಇಮಿಗ್ರಂಟ್ ಓ ವೀಸಾ ಇರಲು ಮಾತ್ರ. ಅದರ ಮೇಲೆ ವರ್ಷಕ್ಕೊಮ್ಮೆ ವಿಸ್ತರಣೆ ಪಡೆಯಬೇಕು. ಅದಕ್ಕೆ ಗಂಡನ ಸ್ವಂತ ಹೆಸರಿನ ಥಾಯ್ ಬ್ಯಾಂಕ್ ಖಾತೆಯಲ್ಲಿ 4 ಲಕ್ಷ ಬಾಟ್ ಎರಡು ತಿಂಗಳಿಂದ ಕುಳಿತಿರಬೇಕು, ನಮ್ಮ ಹಣದಲ್ಲಿ ಹತ್ತು ಲಕ್ಷಕ್ಕೂ ಮೇಲೆ. ಅದಿಲ್ಲದಿದ್ದರೆ ತಿಂಗಳಿಗೆ 40,000 ಬಾಟ್ ಆದಾಯ ತೋರಿಸಬೇಕು. ಅರ್ಜಿ ಶುಲ್ಕ 1,900 ಬಾಟ್. ಮನೆಯೊಳಗೆ, ಮನೆಯ ಮುಂದೆ ಗಂಡ ಹೆಂಡತಿ ಒಟ್ಟಿಗೆ ನಿಂತ ಫೋಟೊ ಬೇಕು. ಪಕ್ಕದ ಮನೆಯವರನ್ನು ಸಾಕ್ಷಿ ಕೇಳುವುದೂ ಉಂಟು. ಕಾಗದದ ಮದುವೆಗಳು ಅಲ್ಲಿ ಬಹಳ ನಡೆದಿವೆ, ಅದಕ್ಕೆ ಈ ತಪಾಸಣೆ.

"ನಮ್ಮ ಮಗ ಮಲಗುವ ಕೋಣೆಯ ಫೋಟೊ ಸರಕಾರಕ್ಕೆ ಕೊಟ್ಟಿದ್ದಾನೆ ಗೊತ್ತುಂಟಾ?" ಎಂದು ಉಮ್ಮ ಈಗಲೂ ನಾಚಿಕೊಳ್ಳುತ್ತಾರೆ.

ಇಷ್ಟೆಲ್ಲ ಆದರೂ ಆ ವೀಸಾದಿಂದ ಒಂದು ಲೋಟ ಚಹಾ ಮಾರುವ ಹಕ್ಕೂ ಬರುವುದಿಲ್ಲ. ಸೊಸೆಯ ಮನೆಯವರಿಗೆ ಸಂತೆಯಲ್ಲಿ ಸಣ್ಣ ತಿಂಡಿ ಅಂಗಡಿ ಇತ್ತು. ಮಗ ಸಂಜೆ ಹೋಟೆಲು ಕೆಲಸ ಮುಗಿಸಿ ಅಲ್ಲಿ ಕೈ ಜೋಡಿಸುತ್ತಿದ್ದರು. ಮಾವನ ಅಂಗಡಿ, ಸಂಬಳ ಇಲ್ಲ, ಇದರಲ್ಲಿ ಎಂಥ ತಪ್ಪು? ಪಕ್ಕದ ಅಂಗಡಿಯ ಮುದುಕರೊಬ್ಬರು ಕರೆದು, ನಾಳೆಯಿಂದ ಗಲ್ಲದ ಆಚೆ ಕುಳಿತು ಗಿರಾಕಿಯ ಹಾಗೆ ಚಹಾ ಕುಡಿ, ಈಚೆ ಬರಬೇಡ ಎಂದರಂತೆ. ಅವರು ಹೇಳಿದ್ದು ಸರಿ. ಪರವಾನಗಿಯಲ್ಲಿ ಬರೆದ ಕೆಲಸವನ್ನೇ ಮಾಡಬೇಕು. 2017ರ ವಿದೇಶಿ ಕಾರ್ಮಿಕರ ಸುಗ್ರೀವಾಜ್ಞೆಯ ಪ್ರಕಾರ ಪರವಾನಗಿ ಇಲ್ಲದೆ ದುಡಿದವರಿಗೆ 5,000ದಿಂದ 50,000 ಬಾಟ್ ದಂಡ, ಗಡೀಪಾರು, ಮತ್ತೆ ಎರಡು ವರ್ಷ ಪರವಾನಗಿ ಇಲ್ಲ. ಇಟ್ಟುಕೊಂಡ ಮಾಲೀಕನಿಗೆ ತಲೆಗೆ 10,000ದಿಂದ 1 ಲಕ್ಷ ಬಾಟ್. ಅಂದರೆ ಅಳಿಯನ ಪ್ರೀತಿಗೆ ಮಾವ ದಂಡ ಕಟ್ಟಬೇಕು. ವಾಹನ ಓಡಿಸುವುದು, ಕ್ಷೌರ, ಪ್ರವಾಸಿ ಗೈಡ್ ಕೆಲಸ, ರತ್ನದ ಹರಳು ಕೊರೆದು ಹೊಳಪು ಕೊಡುವುದು ಇವೆಲ್ಲ ಥಾಯ್ ಜನರಿಗೇ ಮೀಸಲು. ಟ್ಯಾಕ್ಸಿ ಓಡಿಸುತ್ತೇನೆ ಎಂದು ಹೊರಟ ನಮ್ಮ ಹುಡುಗರು ಇದನ್ನು ಮೊದಲು ಓದಿಕೊಳ್ಳಲಿ.

ಮಾಲೀಕನಿಗೂ ಲೆಕ್ಕ ಉಂಟು. ಸಾಮಾನ್ಯವಾಗಿ ಒಬ್ಬ ವಿದೇಶಿಗೆ ಪರವಾನಗಿ ಬೇಕಾದರೆ ಕಂಪೆನಿಗೆ 20 ಲಕ್ಷ ಬಾಟ್ ಬಂಡವಾಳ ಇರಬೇಕು. ಕೆಲಸಗಾರ ಥಾಯ್ ಹೆಂಡತಿ ಇರುವವನಾದರೆ ಅದು ಅರ್ಧ, 10 ಲಕ್ಷ. ಮದುವೆಯಿಂದ ನಿಜವಾಗಿ ಸಿಗುವ ರಿಯಾಯಿತಿ ಇದು. ಜಮೀನು ಮಾತ್ರ ಸಾಮಾನ್ಯವಾಗಿ ವಿದೇಶಿಯ ಹೆಸರಿಗೆ ಬರುವುದಿಲ್ಲ. ಹೆಂಡತಿ ಹೆಸರಲ್ಲಿ ಕೊಂಡರೆ, ಈ ದುಡ್ಡು ಅವಳದ್ದೇ ಎಂದು ಗಂಡ ಸಹಿ ಹಾಕಬೇಕು.

ಈಗ ಸೀಲಿನ ಕಥೆ. 2023ರ ಮಳೆಗಾಲ. ಗಂಗಾವಳಿ ತುಂಬಿ ಹರಿಯುತ್ತಿತ್ತು. ಒಂದು ಮಧ್ಯಾಹ್ನ ಉಪ್ಪ ಅಂಗಡಿಯಲ್ಲೇ ಕುಸಿದರು. ಅಂಕೋಲ ದಾಟಿ ಕಾರವಾರ ತಲುಪುವಷ್ಟರಲ್ಲಿ ಮುಗಿದಿತ್ತು, ಇನ್ನಾ ಲಿಲ್ಲಾಹಿ. ಮಗನಿಗೆ ಫೋನ್ ಹೋಯಿತು. ಪಾಸ್‌ಪೋರ್ಟು, ಒಂದು ಜೊತೆ ಬಟ್ಟೆ ಹಿಡಿದು ಅವರು ಅದೇ ರಾತ್ರಿ ಹೊರಟರು. ಬ್ಯಾಂಕಾಕ್, ಬೆಂಗಳೂರು, ಅಲ್ಲಿಂದ ಬಸ್ಸು. ಮಯ್ಯತ್ ಕಾಣಲು ಸಿಗಲಿಲ್ಲ, ಮೂರನೇ ದಿನಕ್ಕೆ ಬಂದು ಖಬರಿನ ಮುಂದೆ ನಿಂತರು.

ಹದಿನೈದು ದಿನ ಕಳೆದು ಹಿಂತಿರುಗಿದಾಗ ವಿಮಾನ ನಿಲ್ದಾಣದ ಅಧಿಕಾರಿ ಪುಟ ತಿರುಗಿಸಿ ನೋಡಿ, ನಿಮ್ಮ ಅನುಮತಿ ಇಲ್ಲ ಎಂದರು. ಇನ್ನೂ ಎಂಟು ತಿಂಗಳು ಇತ್ತಲ್ಲ? ಇತ್ತು. ದೇಶ ಬಿಟ್ಟ ಕ್ಷಣ ಸತ್ತುಹೋಯಿತು. ಹೊರಡುವ ಮುಂಚೆ ರೀ ಎಂಟ್ರಿ ಪರ್ಮಿಟ್ ಹಾಕಿಸಿಕೊಳ್ಳಬೇಕಿತ್ತು. ಒಂದು ಸಲಕ್ಕೆ 1,000 ಬಾಟ್, ವರ್ಷವಿಡೀ ಹೋಗಿ ಬರಲು 3,800 ಬಾಟ್. ಊರಿನ ವಲಸೆ ಕಚೇರಿಯಲ್ಲಿ ಕೊಡುತ್ತಾರೆ, ಮುಖ್ಯ ವಿಮಾನ ನಿಲ್ದಾಣಗಳಲ್ಲೂ ಅದಕ್ಕೊಂದು ಕೌಂಟರ್ ಇದೆ. ಅಂದು ರಾತ್ರಿ ಅವರು ಅದರ ಮುಂದೆಯೇ ಹಾದು ಹೋಗಿದ್ದಿರಬೇಕು. ತಂದೆ ತೀರಿಕೊಂಡ ಮನುಷ್ಯನಿಗೆ ಬೋರ್ಡು ಓದುವ ವ್ಯವಧಾನ ಎಲ್ಲಿಂದ?

ಸೌದಿಯಲ್ಲೂ ಎಕ್ಸಿಟ್ ರೀ ಎಂಟ್ರಿ ಇದೆ, ನಮಗೆಲ್ಲ ಗೊತ್ತಿರುವುದೇ. ಆದರೆ ಅಲ್ಲಿ ಅದಿಲ್ಲದೆ ಹೊರಗೆ ಬಿಡುವುದೇ ಇಲ್ಲ, ಮೊದಲೆಲ್ಲ ಕಫೀಲ್ ಮಾಡಿಸಿಯೇ ಕಳಿಸುತ್ತಿದ್ದ. ಥಾಯ್ಲೆಂಡಿನಲ್ಲಿ ಸಲಾಂ ಹೇಳಿ ಕಳಿಸುತ್ತಾರೆ, ಒಳಗೆ ಬರುವಾಗ ಹಿಡಿಯುತ್ತಾರೆ. ಆಗ ಭಾರತೀಯರಿಗೆ ನಿಲ್ದಾಣದಲ್ಲೇ 15 ದಿನದ ವೀಸಾ ಸಿಗುತ್ತಿತ್ತು. ಅದರಲ್ಲಿ ಒಳಗೆ ಹೋಗಿ, ಹೆಂಡತಿ ಮಗುವನ್ನು ನೋಡಿ, ಮತ್ತೆ ಗಡಿ ದಾಟಿ ಲಾವೋಸಿಗೆ ಹೋಗಿ ಅಲ್ಲಿನ ಥಾಯ್ ಕಚೇರಿಯಲ್ಲಿ ಹೊಸ ವೀಸಾ ತಂದರು. ಕೆಲಸದ ಪರವಾನಗಿಯೂ ಹೋಗಿತ್ತು, ಅದನ್ನೂ ಮೊದಲಿನಿಂದ. ಸುಮಾರು ನಾಲ್ಕು ತಿಂಗಳು ಸಂಬಳ ಇಲ್ಲ. ಈ ನಡುವೆ ಊರಿನ ಒಬ್ಬ ಏಜೆಂಟರು, ನಾನು ಎಲ್ಲ ಸರಿ ಮಾಡಿಸುತ್ತೇನೆ ಎಂದು 60,000 ರೂಪಾಯಿ ತೆಗೆದುಕೊಂಡು ಫೋನ್ ಎತ್ತುವುದನ್ನೇ ನಿಲ್ಲಿಸಿದರು. ಅವರ ಸುದ್ದಿ ಬೇಡ ಎಂದರು ಉಮ್ಮ.

2024ರ ಜುಲೈ 15ರಿಂದ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಇಲ್ಲದೆ 60 ದಿನ ಪ್ರವೇಶ ಕೊಟ್ಟಿತು. ಇಂಥ ರಿಯಾಯಿತಿ ಆಗಾಗ ಬದಲಾಗುತ್ತದೆ, ಟಿಕೆಟ್ ತೆಗೆಯುವ ಮುಂಚೆ ನೋಡಿಕೊಳ್ಳಬೇಕು. 2025ರ ಮೇ 1ರಿಂದ ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಆಗಮನ ಕಾರ್ಡನ್ನೂ ತುಂಬಬೇಕು. ವೀಸಾ ಬೇಡ ಎಂಬುದನ್ನು ನಮ್ಮ ಹುಡುಗರು ಕೆಲಸಕ್ಕೂ ಬೇಡ ಎಂದು ಅರ್ಥ ಮಾಡಿಕೊಂಡಿದ್ದಾರೆ. ಆ ತಪ್ಪು ತಿಳಿವಳಿಕೆಯ ಮೇಲೆಯೇ ದೊಡ್ಡ ದಂಧೆ ನಡೆಯುತ್ತಿದೆ. ಬ್ಯಾಂಕಾಕಿನಲ್ಲಿ ಡೇಟಾ ಎಂಟ್ರಿ, ಒಳ್ಳೆ ಸಂಬಳ, ಟಿಕೆಟ್ ನಮ್ಮದೇ ಎಂದು ಕರೆಸಿ, ಮೇ ಸೋಟ್ ಗಡಿಯಿಂದ ಮ್ಯಾನ್ಮಾರಿನ ಮ್ಯಾವಾಡಿಗೆ ಸಾಗಿಸಿ ಸೈಬರ್ ವಂಚನೆ ಮಾಡಿಸುವುದು. ನಮ್ಮ ವಿದೇಶಾಂಗ ಸಚಿವಾಲಯ 2022ರ ಸೆಪ್ಟೆಂಬರಿನಲ್ಲೇ ಎಚ್ಚರಿಸಿತ್ತು. 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನ ಕಳಿಸಿ ಮೇ ಸೋಟ್‌ನಿಂದ 549 ಮಂದಿಯನ್ನು ಕರೆತರಬೇಕಾಯಿತು.

ಥಾಯ್ಲೆಂಡ್ ಇಸಿಆರ್ ಪಟ್ಟಿಯ 18 ದೇಶಗಳಲ್ಲಿ ಒಂದು ಎಂಬುದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ಹತ್ತನೇ ತರಗತಿ ಪಾಸಾಗದೆ ಇಸಿಆರ್ ಪಾಸ್‌ಪೋರ್ಟ್ ಇರುವವರು ಅಲ್ಲಿಗೆ ಕೆಲಸಕ್ಕೆ ಹೋಗಬೇಕಾದರೆ, ಗಲ್ಫಿಗೆ ಹೋಗುವ ಹಾಗೆಯೇ ವಲಸೆ ಅನುಮತಿ ಬೇಕು. ಏಜೆಂಟರು ನೋಂದಾಯಿತರೋ ಅಲ್ಲವೋ ಎಂದು ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತರು ಅಭ್ಯರ್ಥಿಯಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ.

ಇಷ್ಟು ಮಗ ಅಲ್ಲಿ ಇರುವ ಕಷ್ಟ. ಸೊಸೆ ಇಲ್ಲಿಗೆ ಬರುವ ಕಷ್ಟ ಇನ್ನೊಂದು. ಉಪ್ಪ ಹೋದ ಮೇಲೆ ಉಮ್ಮ ಒಬ್ಬರೇ. ಸೊಸೆ ಮೊಮ್ಮಗಳೊಂದಿಗೆ ಬಂದು ಆರು ತಿಂಗಳು, ವರ್ಷ ಇದ್ದರೆ ಎಂಬ ಆಸೆ. ಟೂರಿಸ್ಟ್ ವೀಸಾದಲ್ಲಿ ಬಂದು ಹೋಗಬಹುದು, ಮನೆಯಲ್ಲಿ ನೆಲೆ ನಿಲ್ಲಲು ಆಗುವುದಿಲ್ಲ. ಭಾರತೀಯನ ಹೆಂಡತಿಗೆ ಎಂಟ್ರಿ ವೀಸಾ ಇದೆ, ಎಕ್ಸ್ ವೀಸಾ ಎನ್ನುತ್ತಾರೆ. 180 ದಿನಕ್ಕಿಂತ ಹೆಚ್ಚಿನ ವೀಸಾ ಆದರೆ ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಈಗ ಅದೆಲ್ಲ ಇ-ಎಫ್‌ಆರ್‌ಆರ್‌ಒ ಮೂಲಕ ಆನ್‌ಲೈನ್, ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಎಂದರೆ ಎಸ್‌ಪಿ, ಅಂದರೆ ಕಾರವಾರ.

ಅದಕ್ಕೂ ಮುಂಚೆ ಇನ್ನೊಂದು ಫಾರಂ. ವಿದೇಶಿಯನ್ನು ಉಳಿಸಿಕೊಂಡವರು 24 ಗಂಟೆಯೊಳಗೆ ತಿಳಿಸಬೇಕು. ಹೋಟೆಲಿಗೆ ಮಾತ್ರ ಅಲ್ಲ, ಮನೆಗೂ ಅನ್ವಯ. "ನನ್ನ ಮನೆಗೆ ನನ್ನ ಸೊಸೆ ಬಂದರೆ ಪೊಲೀಸರಿಗೆ ಹೇಳಬೇಕಾ?" ಎಂದು ಉಮ್ಮನಿಗೆ ಮೊದಲು ಸಿಟ್ಟೇ ಬಂದಿತ್ತಂತೆ. ಸೊಸೆ ನಕ್ಕು, ನಿಮ್ಮ ಮಗ ನಮ್ಮ ಮನೆಗೆ ಬಂದಾಗ ನನ್ನ ತಂದೆಯೂ ಹೀಗೇ ಹೇಳಿಕೊಂಡು ಬಂದಿದ್ದರು ಎಂದಳಂತೆ. ನಿಜ, ಅಲ್ಲಿಯೂ ಮನೆಯ ಯಜಮಾನರು 24 ಗಂಟೆಯೊಳಗೆ ಟಿಎಂ 30 ಎಂಬ ಫಾರಂ ಕೊಡಬೇಕು. ಅದರ ಮೇಲೆ ವಿದೇಶಿಯು ಪ್ರತಿ 90 ದಿನಕ್ಕೊಮ್ಮೆ ತನ್ನ ವಿಳಾಸ ತಿಳಿಸಬೇಕು, ತಪ್ಪಿದರೆ 2,000 ಬಾಟ್ ದಂಡ.

ಉತ್ತರ ಕನ್ನಡದಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸೀಬರ್ಡ್ ನೌಕಾನೆಲೆ, ಕೈಗಾ ಅಣುಸ್ಥಾವರ ಇರುವ ಜಿಲ್ಲೆ. 2025ರ ಜುಲೈಯಲ್ಲಿ ಗೋಕರ್ಣದ ರಾಮತೀರ್ಥ ಗುಡ್ಡದ ಗುಹೆಯಲ್ಲಿ ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ ಸಿಕ್ಕ ರಷ್ಯಾದ ಮಹಿಳೆಯ ಸುದ್ದಿ ಎಲ್ಲರೂ ಓದಿದ್ದೀರಿ. ಆಕೆಯ ವೀಸಾ 2017ರಲ್ಲೇ ಮುಗಿದಿತ್ತು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಹಳೆಯ ನಾಲ್ಕು ಕಾಯ್ದೆಗಳ ಬದಲು ವಲಸೆ ಮತ್ತು ವಿದೇಶಿಯರ ಕಾಯ್ದೆ, 2025 ಜಾರಿಗೆ ಬಂದಿದೆ. ವೀಸಾದಲ್ಲಿ ಯಾವ ಉದ್ದೇಶ ಬರೆದಿದೆಯೋ ಅದನ್ನು ಬಿಟ್ಟು ಬೇರೆ ಮಾಡಿದರೆ ಏನಾಗುತ್ತದೆ ಎಂಬುದು ನಮ್ಮ ಸಮುದಾಯಕ್ಕೆ 2020ರಲ್ಲಿ ಗೊತ್ತಾಗಿದೆ. ತಬ್ಲೀಗಿಗೆಂದು ಟೂರಿಸ್ಟ್ ವೀಸಾದಲ್ಲಿ ಬಂದಿದ್ದ 960 ವಿದೇಶಿಯರನ್ನು ಆಗ ಕಪ್ಪುಪಟ್ಟಿಗೆ ಸೇರಿಸಲಾಯಿತು.

ಉಮ್ಮನ ಕಣ್ಣು ಈಗ ಒಸಿಐ ಕಾರ್ಡಿನ ಮೇಲೆ. ಭಾರತೀಯನನ್ನು ಮದುವೆಯಾದ ವಿದೇಶಿಗೆ, ಮದುವೆ ನೋಂದಣಿಯಾಗಿ ಅರ್ಜಿಗೆ ಮುಂಚೆ ಸತತ ಎರಡು ವರ್ಷ ಕಳೆದಿದ್ದರೆ, ಅದು ಸಿಗಬಹುದು. ಸಿಕ್ಕರೆ ಜೀವನವಿಡೀ ವೀಸಾ ಬೇಡ, ಎಫ್‌ಆರ್‌ಆರ್‌ಒ ನೋಂದಣಿ ಬೇಡ. ಆದರೆ ತಲಾಖ್ ಆದರೆ ಕಾರ್ಡೂ ಹೋಗುತ್ತದೆ. ಪೌರತ್ವವೇ ಬೇಕೆಂದರೆ ಇಲ್ಲಿ ಏಳು ವರ್ಷ ವಾಸ ಆಗಬೇಕು, ಥಾಯ್ ಪೌರತ್ವ ಬಿಡಬೇಕು. ಸೊಸೆಗೆ ಅದು ಬೇಡ, ಅಲ್ಲಿ ತಾಯಿ ಇದ್ದಾರೆ. ಮಗನೂ ಅಷ್ಟೇ. ಅಲ್ಲಿ ಶಾಶ್ವತ ವಾಸಕ್ಕೆ ಅರ್ಜಿ ಹಾಕಬಹುದು, ಮೂರು ವರ್ಷದ ಸತತ ವಿಸ್ತರಣೆ ಬೇಕು, ಒಂದು ದೇಶದವರಿಗೆ ವರ್ಷಕ್ಕೆ 100 ಮಾತ್ರ. 2023ರ ಆ ರಾತ್ರಿ ಆ ಲೆಕ್ಕವೂ ಸೊನ್ನೆಗೆ ಬಂತು.

ಮೊಮ್ಮಗಳ ವಿಷಯ ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು. 2021ರಲ್ಲಿ ಅಲ್ಲಿ ಹುಟ್ಟಿದ ಮಗು. ತಾಯಿಯಿಂದ ಥಾಯ್ ಪೌರತ್ವ ತಾನಾಗಿ ಬಂತು. ವಿದೇಶದಲ್ಲಿ ಹುಟ್ಟಿದ ಮಗುವನ್ನು ಭಾರತೀಯಳಾಗಿ ಮಾಡಲು ಒಂದು ವರ್ಷದೊಳಗೆ ನಮ್ಮ ರಾಯಭಾರ ಕಚೇರಿಯಲ್ಲಿ ನೋಂದಾಯಿಸಬೇಕು. ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆ ತಾಯಿ ಬರೆದುಕೊಡಬೇಕು. ಕೊರೊನಾ ಕಾಲ, ಬ್ಯಾಂಕಾಕಿಗೆ ಹೋಗಲಾಗಲಿಲ್ಲ, ಅಷ್ಟರಲ್ಲಿ ಥಾಯ್ ಪಾಸ್‌ಪೋರ್ಟ್ ಮಾಡಿಸಿದ್ದರು. ಉಪ್ಪ ಮೊಮ್ಮಗಳನ್ನು ಕೈಯಲ್ಲಿ ಎತ್ತಿಕೊಳ್ಳದೆಯೇ ಹೋದರು. ಈಗ ಅವಳಿಗೂ ಒಸಿಐ. ತಂದೆ ಭಾರತೀಯನಾದ್ದರಿಂದ ಅರ್ಹತೆ ಇದೆ.

2025ರ ನವೆಂಬರಿನಲ್ಲಿ ಹಾಟ್ ಯಾಯ್ ಊರಿಗೆ ಊರೇ ಮುಳುಗಿತು. ಮಾವನ ಅಂಗಡಿಗೆ ನೀರು ನುಗ್ಗಿತು. ಸೊಸೆ ಮೊದಲು ಮಹಡಿಗೆ ಎತ್ತಿದ್ದು ಅಂಫೋದ ವಿವಾಹ ಪತ್ರ, ಮಗುವಿನ ಜನನ ಪತ್ರ, ನೀಲಿ ಬಣ್ಣದ ಮನೆ ಪುಸ್ತಕ, ಗಂಡನ ಪಾಸ್‌ಪೋರ್ಟ್, ಎಲ್ಲ ಒಂದು ಪ್ಲಾಸ್ಟಿಕ್ ಚೀಲದಲ್ಲಿ. "2019ರಲ್ಲಿ ಗಂಗಾವಳಿ ಏರಿದಾಗ ನಾನು ಮಾಡಿದ್ದೂ ಹಾಗೇ ಮೋನೆ" ಎಂದರು ಉಮ್ಮ. "ಅವಳಿಗೆ ನಾನು ಹೇಳಿಕೊಟ್ಟಿರಲಿಲ್ಲ."

ನಾವು ಮಾತಾಡುತ್ತಿರುವಾಗಲೇ ವಿಡಿಯೊ ಕರೆ ಬಂತು. ರಜೆಗೆ ಮೂವರೂ ಹೊರಡುವ ತಯಾರಿ. ಮೊಮ್ಮಗಳು ಫೋನಿನ ತುಂಬ ಮುಖ ತುಂಬಿಸಿ ಉಮ್ಮಾ ಎಂದು ಕರೆದಳು. ಹಿಂದೆ ಮಗ ಸೂಟ್‌ಕೇಸ್ ಕಟ್ಟುತ್ತಿದ್ದರು. ಉಮ್ಮ ಸಲಾಂ ಹೇಳಿ, ಊಟ ಆಯಿತಾ ಎಂದು ಕೂಡ ಕೇಳದೆ, ಮೊದಲು ಕೇಳಿದ್ದು ಒಂದೇ:

"ಸೀಲು ಹಾಕಿಸಿದೆಯಾ?"

ಮಗ ಪಾಸ್‌ಪೋರ್ಟಿನ ಪುಟ ಬಿಚ್ಚಿ ಕ್ಯಾಮೆರಾಕ್ಕೆ ಹಿಡಿದರು. 3,800 ಬಾಟ್‌ನದ್ದು. ಉಮ್ಮ ಕನ್ನಡಕ ಹಾಕಿಕೊಂಡು ದಿನಾಂಕ ನೋಡಿದರು.